ಸೆಟ್‌ಗಳ ನಡುವೆ ಎರಡು ನಿಮಿಷ ಕೂತರೆ ತಪ್ಪಲ್ಲ



ಮುಂಬೈ ಇರಲಿ, ಪುಣೆ, ಹೈದರಾಬಾದ್ ಇರಲಿ, ನಮ್ಮವರಲ್ಲಿ ಹೆಚ್ಚಿನವರಿಗೆ ವ್ಯಾಯಾಮಕ್ಕೆ ಸಿಗುವುದು ಬೆಳಗಿನ ಅರ್ಧ ಗಂಟೆ. ಆಮೇಲೆ ಮಕ್ಕಳ ಟಿಫಿನ್, ಲೋಕಲ್ ರೈಲು, ಆಫೀಸು. ಹಾಗಾಗಿ ಸೊಸೈಟಿ ಜಿಮ್‌ನಲ್ಲಿ ಎಲ್ಲರೂ ಮೊದಲು ಕತ್ತರಿ ಹಾಕುವುದು ವಿಶ್ರಾಂತಿಗೆ. ಒಂದು ಸೆಟ್ ಮುಗಿದು ಅರ್ಧ ನಿಮಿಷ ಆಗಿರುವುದಿಲ್ಲ, ಮತ್ತೆ ಡಂಬೆಲ್ ಕೈಯಲ್ಲಿ. ಬೆವರು ಸುರಿಯುತ್ತದೆ, ಎದೆ ಡವಡವ ಎನ್ನುತ್ತದೆ. ಹೃದಯಕ್ಕೆ, ದಮ್ಮಿಗೆ ಇದು ಒಳ್ಳೆಯದೇ. ಆದರೆ ಸ್ನಾಯು ಬೆಳೆಯಬೇಕು ಎಂದಿದ್ದರೆ ಲೆಕ್ಕ ಬೇರೆ.

ಸ್ನಾಯು ಬೆಳೆಸುವುದು ಬರೀ ಹುಡುಗರ ಶೋಕಿ ಅಂದುಕೊಳ್ಳಬೇಡಿ. ಮೂವತ್ತು ದಾಟಿದ ಮೇಲೆ, ಸುಮ್ಮನೆ ಬಿಟ್ಟರೆ, ಪ್ರತಿ ಹತ್ತು ವರ್ಷಕ್ಕೆ ಸುಮಾರು 3ರಿಂದ 8 ಶೇಕಡಾ ಸ್ನಾಯು ಕರಗುತ್ತದೆ. ಅರವತ್ತರ ನಂತರ ಇನ್ನೂ ಬೇಗ. ನೆಲದಿಂದ ಏಳಲು ಕೈ ಊರಬೇಕಾಗುವುದು, ಬಚ್ಚಲಲ್ಲಿ ಜಾರಿದಾಗ ಸಾವರಿಸಿಕೊಳ್ಳಲು ಆಗದಿರುವುದು ಇದರಿಂದಲೇ. ಊಟದ ಸಕ್ಕರೆಯಲ್ಲಿ ದೊಡ್ಡ ಪಾಲು ಹೋಗಿ ಸೇರುವುದೂ ಸ್ನಾಯುವಿಗೇ, ಹಾಗಾಗಿ ಶುಗರ್ ಇದ್ದವರಿಗೆ ಇದು ಇನ್ನೂ ಮುಖ್ಯ.

ಈಗ ಲೆಕ್ಕ ನೋಡೋಣ. 10 ಕೆಜಿ ಡಂಬೆಲನ್ನು ಮೊದಲ ಸೆಟ್‌ನಲ್ಲಿ 12 ಸಲ ಎತ್ತಿದಿರಿ ಅನ್ನಿ. ಅರ್ಧ ನಿಮಿಷಕ್ಕೇ ಶುರು ಮಾಡಿದರೆ ಎರಡನೆಯದರಲ್ಲಿ 7, ಮೂರನೆಯದರಲ್ಲಿ 5 ಆಗಬಹುದು. ಒಟ್ಟು 24. ಎರಡು ನಿಮಿಷ ಕೂತು ಮಾಡಿದರೆ 12, 11, 10. ಒಟ್ಟು 33. ಗಡಿಬಿಡಿಯಲ್ಲಿ ಕೆಲಸ ದಟ್ಟವಾಯಿತು, ಜಿಮ್‌ನವರು ಇದನ್ನೇ ‘ಡೆನ್ಸಿಟಿ’ ಎನ್ನುತ್ತಾರೆ. ಆದರೆ ಸ್ನಾಯುವಿಗೆ ಸಿಕ್ಕ ಕೆಲಸ ಕಡಿಮೆಯೇ. ಸ್ನಾಯುವಿನಲ್ಲಿ ತಕ್ಷಣದ ಶಕ್ತಿಗೆಂದು ಇರುವ ಸಣ್ಣ ಸಂಗ್ರಹ ಮತ್ತೆ ತುಂಬಲು ಎರಡು ಮೂರು ನಿಮಿಷ ಬೇಕು, ಅದಕ್ಕೇ ಹೀಗೆ.

ನ್ಯೂಯಾರ್ಕ್‌ನ ಬ್ರಾಡ್ ಶೋನ್‌ಫೆಲ್ಡ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ನೋಡಿತು. ವ್ಯಾಯಾಮದ ಅಭ್ಯಾಸವಿದ್ದ 21 ಯುವಕರು, 8 ವಾರ, ಒಂದೇ ವ್ಯಾಯಾಮ. ಒಂದು ಗುಂಪಿಗೆ 1 ನಿಮಿಷ ವಿಶ್ರಾಂತಿ, ಇನ್ನೊಂದಕ್ಕೆ 3 ನಿಮಿಷ. ಮೂರು ನಿಮಿಷ ಕೂತವರ ಬಲವೂ ತೊಡೆಯ ಸ್ನಾಯುವೂ ಹೆಚ್ಚು ಬೆಳೆದವು. ಹಾಗೆಂದು ಕೂತಷ್ಟೂ ಲಾಭ ಎಂದಲ್ಲ. ಒಂದೂವರೆ, ಎರಡು ನಿಮಿಷ ಸಾಮಾನ್ಯವಾಗಿ ಸಾಕು. ಮೊಬೈಲ್ ತೆಗೆದು ಹತ್ತು ನಿಮಿಷ ಕೂರುವುದು ವಿಶ್ರಾಂತಿಯಲ್ಲ, ಬಿಡಿ.

ಒಂದೊಂದು ಸೆಟ್ ಎಷ್ಟು ಹೊತ್ತು? ಇದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಒಂದು ಸಲ ಎತ್ತಿ ಇಳಿಸಲು 2 ಸೆಕೆಂಡ್ ಆದರೂ 6 ಸೆಕೆಂಡ್ ಆದರೂ ಬೆಳವಣಿಗೆ ಹೆಚ್ಚು ಕಡಿಮೆ ಒಂದೇ. ಬೇಕೆಂದೇ 10 ಸೆಕೆಂಡ್ ದಾಟಿ ಎಳೆದಾಡಿದರೆ ಲಾಭ ಕಡಿಮೆ. ಸೆಟ್ ಮುಗಿಯುವಾಗ ‘ಇನ್ನು ಎರಡೋ ಮೂರೋ ಆಗಬಹುದು, ಅಷ್ಟೇ’ ಅನ್ನಿಸಬೇಕು, ಅದು ಮುಖ್ಯ.

ಸಮಯವೇ ಇಲ್ಲದಿದ್ದರೆ? ವಿಶ್ರಾಂತಿ ಕತ್ತರಿಸುವ ಬದಲು ಎದುರುಬದುರು ಸ್ನಾಯುಗಳನ್ನು ಜೋಡಿ ಮಾಡಿ. ಗೋಡೆಗೆ ಕೈಯೂರಿ ದಂಡ ಹೊಡೆಯಿರಿ, ಅದು ಎದೆಗೆ. ಸ್ವಲ್ಪ ಉಸಿರಾಡಿಕೊಂಡು, ಒಂದು ಕೈ ಮಂಚದ ಮೇಲೆ ಊರಿ ಇನ್ನೊಂದು ಕೈಯಲ್ಲಿ 5 ಕೆಜಿ ಅಕ್ಕಿ ಚೀಲವನ್ನು ಸೊಂಟದತ್ತ ಎಳೆಯಿರಿ, ಅದು ಬೆನ್ನಿಗೆ. ಬೆನ್ನು ದುಡಿಯುವಾಗ ಎದೆ ಸುಧಾರಿಸಿಕೊಳ್ಳುತ್ತದೆ. ಅರ್ಧ ಗಂಟೆಯಲ್ಲಿ ಸುಮಾರು ಮುಕ್ಕಾಲು ಗಂಟೆಯ ಕೆಲಸ ಮುಗಿಯುತ್ತದೆ. ಬಸ್ಕಿ ಮಾತ್ರ ಒಂಟಿಯಾಗಿಯೇ ಇರಲಿ, ಅದರ ಬೆನ್ನಿಗೇ ಕಾಲಿನ ಇನ್ನೊಂದು ವ್ಯಾಯಾಮ ಬೇಡ. ವಾರಕ್ಕೆ ಎರಡು ದಿನ ಮಾಡಿದರೂ ಫಲವಿದೆ.

ಬಿಪಿ ಇದ್ದವರು ಭಾರ ಎತ್ತುವಾಗ ಉಸಿರು ಬಿಗಿ ಹಿಡಿಯಬೇಡಿ, ಎತ್ತುವಾಗ ಉಸಿರು ಬಿಡಿ. ಹೃದಯದ ತೊಂದರೆ ಇರುವವರು, ಇತ್ತೀಚೆಗೆ ಆಪರೇಷನ್ ಆದವರು ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ. ಎದೆ ಹಿಡಿದಂತಾದರೆ, ತಲೆ ಸುತ್ತಿದರೆ ಆ ಸೆಟ್ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ.