ಮಾದಪ್ಪನ ಬೆಟ್ಟಕ್ಕೆ ಕಾಲ್ನಡೆ

ಮಲೆಯ ಮಹದೇಶ್ವರನ ಬೆಟ್ಟಕ್ಕೆ ಈಗ ಮೋಟಾರು ಬಸ್ಸುಗಳು ದೇವಾಲಯದ ಸಮೀಪದವರೆಗೂ ಹೋಗುತ್ತವೆ. ಹೀಗಿದ್ದರೂ ಶಿವರಾತ್ರಿ, ಯುಗಾದಿ, ದೀಪಾವಳಿಗಳ ಕಾಲದಲ್ಲಿ ಸಾವಿರಾರು ಮಂದಿ ನಡೆದೇ ಹೊರಡುತ್ತಾರೆ. ಮಂಡ್ಯ, ಕನಕಪುರ, ಬೆಂಗಳೂರುಗಳಿಂದ ಹಲವು ದಿನ ನಡೆದು ಬರುವವರೂ ಉಂಟು. ಅವರಲ್ಲಿ ಹೊಲದಲ್ಲಿ ದುಡಿದು ಮೈ ಗಟ್ಟಿಯಾದ ಒಕ್ಕಲು ಮಕ್ಕಳಿರುವಂತೆ, ಕಚೇರಿಯ ಕುರ್ಚಿಯಿಂದ ನೇರವಾಗಿ ಎದ್ದು ಬಂದ ನಗರವಾಸಿಗಳೂ ಇರುತ್ತಾರೆ. ಇವರು ನಡುದಾರಿಯಲ್ಲಿ ಕುಸಿದು ಕುಳಿತರೆ, ತಪ್ಪು ಬೆಟ್ಟದ್ದಲ್ಲ, ಹೊರಟ ರೀತಿಯದು. ಆ ಹೊರಡುವ ವಿಚಾರವಾಗಿಯೇ ಈ ದಿನ ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಮೊದಲು ನೆಲದ ಪರಿಚಯವಾಗಲಿ. ಈ ಬೆಟ್ಟಸಾಲು ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನಲ್ಲಿದೆ. ೧೯೫೬ಕ್ಕೆ ಮುಂಚೆ ಈ ಸೀಮೆಯೆಲ್ಲವೂ ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮಾದಪ್ಪನದು ಎಪ್ಪತ್ತೇಳು ಮಲೆಗಳೆಂದು ಕಂಸಾಳೆಯವರು ಹಾಡುತ್ತಾರೆ. ಅವುಗಳ ನಡುವೆ, ಸಮುದ್ರಮಟ್ಟದಿಂದ ಸುಮಾರು ೩,೦೦೦ ಅಡಿ ಎತ್ತರದಲ್ಲಿ, ಸ್ವಾಮಿಯ ನೆಲೆಯಾದ ನಡುಮಲೆ ಇದೆ. ಸುತ್ತಲಿನ ಅರಣ್ಯವನ್ನು ೨೦೧೩ರಲ್ಲಿ ವನ್ಯಜೀವಿಧಾಮವೆಂದು ಸಾರಲಾಯಿತು. ಆನೆ, ಕರಡಿ, ಚಿರತೆ, ಹುಲಿಗಳಿಗೆ ಇದು ಮನೆ. ನಾವು ಅಲ್ಲಿ ಅತಿಥಿಗಳು. ಕಾಲ್ನಡೆಗೆ ಅಪ್ಪಣೆ ಇದೆಯೇ, ಯಾವ ದಾರಿಗೆ, ಯಾವ ಹೊತ್ತಿಗೆ ಎಂಬುದನ್ನು ಅರಣ್ಯ ಇಲಾಖೆಯವರಿಂದ ತಿಳಿದೇ ಹೊರಡತಕ್ಕದ್ದು.

ಕಾಲವನ್ನೂ ನೋಡಬೇಕು. ಶಿವರಾತ್ರಿಯ ಹೊತ್ತಿಗೆ ಇಲ್ಲಿನ ಮರಗಳು ಎಲೆ ಉದುರಿಸಿ ಬೋಳಾಗಿರುತ್ತವೆ. ಕಾಡು ಎಂದೊಡನೆ ನೆರಳನ್ನು ನೆನೆಯುವವನಿಗೆ ಅಲ್ಲಿ ದೊರೆಯುವುದು ಬಿಸಿಲು, ಬತ್ತಿದ ಹಳ್ಳ. ಬೀಡಿಯ ಒಂದು ಕಿಡಿಗೂ ಹತ್ತಿಕೊಳ್ಳುವ ಒಣಹುಲ್ಲು. ದೀಪಾವಳಿಯ ವೇಳೆಗೆ ಹಿಂಗಾರಿನ ಮಳೆ ಬಂದು ದಾರಿ ಜಾರುತ್ತದೆ. ಕನಕಪುರದ ಕಡೆಯಿಂದ ಬರುವವರು ಸಂಗಮದ ಬಳಿ ಕಾವೇರಿಯನ್ನು ದಾಟಬೇಕು. ಮಂಡಿಯುದ್ದದ ನೀರಾದರೂ ಹರಿವು ಬಿರುಸಾಗಿದ್ದರೆ ಬಂಡೆಯ ಮೇಲೆ ಕಾಲು ನಿಲ್ಲದು. ಹೊಳೆ ಏರಿದ ದಿನ ಹಿಂದಿರುಗುವುದು ಹರಕೆಗೆ ದ್ರೋಹವಲ್ಲ.

ಹೊತ್ತಿನ ಲೆಕ್ಕ ಇನ್ನೊಂದು. ತಾಳುಬೆಟ್ಟದಿಂದ ನಡುಮಲೆಗೆ ಸುಮಾರು ೧೮ ಕಿಲೋಮೀಟರು. ಸ್ಕಾಟ್ಲೆಂಡಿನ ನೇಸ್ಮಿತ್ ಎಂಬ ಪರ್ವತಾರೋಹಿ ೧೮೯೨ರಲ್ಲಿ ಒಂದು ಸೂತ್ರವನ್ನು ಕೊಟ್ಟನು: ಐದು ಕಿಲೋಮೀಟರಿಗೆ ಒಂದು ಘಂಟೆ, ಏರುವ ಪ್ರತಿ ೬೦೦ ಮೀಟರಿಗೆ ಮತ್ತೊಂದು ಘಂಟೆ. ಏರಿಕೆಯನ್ನು ೬೦೦ ಮೀಟರೆಂದೇ ಇಟ್ಟುಕೊಂಡರೆ ನಾಲ್ಕೂವರೆ ಘಂಟೆಗೆ ಮೇಲಾಯಿತು. ಇದು ಪಳಗಿದ ಕಾಲಿನ ಲೆಕ್ಕ. ಹೊರೆ ಹೊತ್ತ ಹೊಸಬರು, ವಿಶ್ರಾಂತಿಯನ್ನೂ ಸೇರಿಸಿ, ಏಳು ಘಂಟೆ ಇಟ್ಟುಕೊಳ್ಳುವುದು ಲೇಸು. ಆನೆಗಳು ನೀರಿಗೂ ಮೇವಿಗೂ ಹೆಚ್ಚಾಗಿ ಓಡಾಡುವುದು ಮುಂಬೆಳಗು, ಮುಸ್ಸಂಜೆಗಳಲ್ಲಿ. ಆದಕಾರಣ ಬೆಳಕು ಹರಿದ ಮೇಲೆ ಹೊರಟು, ಹೊತ್ತು ಇಳಿಯುವುದರೊಳಗೆ ಸೇರಬೇಕು. ಮಧ್ಯಾಹ್ನದಲ್ಲಿ ಹೊರಡುವುದು ಅಪಾಯಕ್ಕೆ ಆಹ್ವಾನ.

ಇನ್ನು ಪಾದಗಳ ವಿಚಾರ. ಬೆವರಿನಿಂದ ತೇವಗೊಂಡ ಚರ್ಮ ಪಾದರಕ್ಷೆಗೆ ಉಜ್ಜಿದಾಗ ಅದರ ಮೇಲ್ಪದರ ಕೆಳಪದರದಿಂದ ಬಿಡುತ್ತದೆ. ಆ ಸಂದಿಯಲ್ಲಿ ನೀರು ತುಂಬಿ ಬೊಬ್ಬೆಯೇಳುತ್ತದೆ. ಯಾತ್ರೆಗೆಂದು ಹೊಸ ಜೋಡು ಕೊಂಡು ಅದೇ ದಿನ ಮೆಟ್ಟಿದವನಿಗೆ ಇದು ತಪ್ಪದು. ತಿಂಗಳು ಮುಂಚೆಯೇ ಅದನ್ನು ಮೆಟ್ಟಿ ದಿನವೂ ನಡೆದು, ಕಾಲಿಗೂ ಜೋಡಿಗೂ ಸ್ನೇಹ ಬೆಳೆಸಬೇಕು. ಬರಿಗಾಲಿನಲ್ಲಿ ಹೋಗುವ ಹಳ್ಳಿಗರನ್ನು ನೋಡಿ ನಗರದ ಮೃದುಪಾದದವರು ಒಂದೇ ದಿನದಲ್ಲಿ ಅವರನ್ನು ಅನುಕರಿಸಬಾರದು. ಬೆವರಿನೊಡನೆ ಉಪ್ಪೂ ಹೋಗುವುದರಿಂದ ಬರಿಯ ನೀರು ಸಾಲದು. ಉಪ್ಪು ಹಾಕಿದ ನೀರುಮಜ್ಜಿಗೆ ಉತ್ತಮ.

ತಾಳುಬೆಟ್ಟದಲ್ಲಿ ಯಾತ್ರಿಕರು ಕಾಯೊಡೆದು, ಕರ್ಪೂರ ಹಚ್ಚಿ, ಆಮೇಲೆಯೇ ಮಲೆಗೆ ಕಾಲಿಡುತ್ತಾರೆ. ಭಕ್ತಿಯ ಆಚಾರವಾದ ಇದರಲ್ಲಿ ವಿವೇಕವೂ ಅಡಗಿದೆ. ಹಿಂದುಳಿದವರು ಬಂದು ಕೂಡುತ್ತಾರೆ, ಉಸಿರು ಸಮವಾಗುತ್ತದೆ, ಗಂಟನ್ನು ಬಿಚ್ಚಿ ಬೇಡದ್ದನ್ನು ತೆಗೆಯಲು ಎಡೆ ದೊರೆಯುತ್ತದೆ. ಮುಂದೆ ಗುಂಪಿನ ನಡಿಗೆ ಅದರ ಅತ್ಯಂತ ನಿಧಾನಿಯ ನಡಿಗೆಯಂತೆ ಸಾಗಬೇಕು. ‘ಉಘೇ ಉಘೇ’ ಎಂಬ ಘೋಷ ದೇವರಿಗೆ ಸಲ್ಲುವುದಾದರೂ ಕಾಡುಮೃಗಕ್ಕೂ ಕೇಳುತ್ತದೆ. ಮನುಷ್ಯರ ಬರವನ್ನು ದೂರದಿಂದಲೇ ತಿಳಿದ ಪ್ರಾಣಿ ಸಾಮಾನ್ಯವಾಗಿ ತಾನೇ ಸರಿದುಹೋಗುತ್ತದೆ. ತಿರುವಿನಲ್ಲಿ ಥಟ್ಟನೆ ಎದುರಾದ ಕರಡಿಯೇ ಭಯಂಕರ. ಒಂಟಿಯಾಗಿ ಒಳದಾರಿ ಹಿಡಿಯುವವನು ಈ ರಕ್ಷೆಯನ್ನು ತಾನಾಗಿ ಕಳೆದುಕೊಳ್ಳುತ್ತಾನೆ.

ಕೊನೆಗೊಂದು ಮಾತು. ಮಾದಪ್ಪನ ವಾಹನ ಹುಲಿ. ೨೦೨೫ರ ಜೂನ್ ತಿಂಗಳಲ್ಲಿ ಇದೇ ಮಲೆಗಳಲ್ಲಿ, ವಿಷವಿಕ್ಕಿದ ಹಸುವಿನ ಕಳೇಬರವನ್ನು ತಿಂದು ತಾಯಿಹುಲಿಯೊಂದೂ ಅದರ ನಾಲ್ಕು ಮರಿಗಳೂ ಸತ್ತುವು. ಸ್ವಾಮಿಯ ಪಾದಕ್ಕೆ ನಡೆದು ಹೋಗುವವರು ಆತನ ವಾಹನದ ಕಾಡಿನಲ್ಲಿ ಪ್ಲಾಸ್ಟಿಕ್ಕನ್ನೂ ಬೆಂಕಿಯನ್ನೂ ಬಿಟ್ಟು ಬಂದರೆ ಆ ಯಾತ್ರೆಯ ಫಲವೇನು? ಹೊರಡುವಾಗ ಗಂಟಿನಲ್ಲಿ ಒಂದು ಬರಿಯ ಚೀಲವನ್ನೂ ಇಟ್ಟುಕೊಳ್ಳೋಣ. ಹೊತ್ತೊಯ್ದದ್ದರಲ್ಲಿ ಉಳಿದ ಕಸವೆಲ್ಲವೂ ಅದರಲ್ಲಿ ತುಂಬಿ ನಮ್ಮೊಡನೆಯೇ ಹಿಂದಿರುಗಲಿ.