ಗಾಡಿ ಉಸಿರಾಡುವುದು ಎಲ್ಲಿಂದ?

2024ರ ಸೆಪ್ಟೆಂಬರ್ 13ರ ರಾತ್ರಿ ದಿಲ್ಲಿ ಪಕ್ಕದ ಹಳೇ ಫರೀದಾಬಾದ್‌ನ ರೈಲ್ವೆ ಅಂಡರ್‌ಪಾಸ್‌ನಲ್ಲಿ ನಿಂತಿದ್ದ ಮಳೆನೀರಿಗೆ ದೊಡ್ಡದೊಂದು ಎಸ್‌ಯುವಿ ಇಳಿಯಿತು. ಒಳಗಿದ್ದ ಇಬ್ಬರು ಬ್ಯಾಂಕ್ ಉದ್ಯೋಗಿಗಳು ಬದುಕಿ ಬರಲಿಲ್ಲ. ಅದಕ್ಕೂ ನಾಲ್ಕು ವರ್ಷ ಮೊದಲು, 2020ರ ಜುಲೈ 19ರಂದು, ದಿಲ್ಲಿಯ ಕನಾಟ್ ಪ್ಲೇಸ್ ಪಕ್ಕದ ಮಿಂಟೊ ಸೇತುವೆಯ ಕೆಳಗೆ ಸಣ್ಣ ಸರಕು ವಾಹನದ ಚಾಲಕರೊಬ್ಬರು ಮುಳುಗಿ ಸತ್ತಿದ್ದರು. ಆ ದಿನ ಅಲ್ಲಿ ದಿಲ್ಲಿ ಸಾರಿಗೆ ನಿಗಮದ ಬಸ್ಸೇ ನೀರಿನಲ್ಲಿ ಸಿಕ್ಕಿಕೊಂಡಿತ್ತು. ಬೆಂಗಳೂರಿನ ಓದುಗರಿಗೆ 2023ರ ಮೇ ತಿಂಗಳ ಕೆ.ಆರ್. ವೃತ್ತದ ಅಂಡರ್‌ಪಾಸ್ ದುರಂತ ನೆನಪಾಗದೆ ಇರದು.

ದಿಲ್ಲಿಗೆ ನೀರು ಈಗ ಅಪರೂಪದ ಅತಿಥಿಯಲ್ಲ. 2023ರ ಜುಲೈ 13ರಂದು ಹಳೇ ರೈಲ್ವೆ ಸೇತುವೆಯ ಬಳಿ ಯಮುನೆ 208.66 ಮೀಟರ್‌ಗೆ ಏರಿ, 1978ರ 207.49 ಮೀಟರ್ ದಾಖಲೆಯನ್ನು ಮುರಿದಳು. ಮರುವರ್ಷ ಜೂನ್ 28ರ ಬೆಳಗ್ಗೆ ಸಫ್ದರ್‌ಜಂಗ್ ಮಾಪಕದಲ್ಲಿ 24 ಗಂಟೆಗಳ ಮಳೆ 228 ಮಿಲಿಮೀಟರ್ ದಾಟಿತ್ತು. ಇಂಥ ಊರಿನಲ್ಲಿ ಫೋರ್ ವೀಲ್ ಡ್ರೈವ್ ಕೊಳ್ಳುವವರು ಮೈಲೇಜಿನ ಜೊತೆಗೆ ‘ವಾಟರ್ ವೇಡಿಂಗ್’ ಎಷ್ಟು, ಅಂದರೆ ಎಷ್ಟು ಆಳದ ನೀರಿನಲ್ಲಿ ಗಾಡಿ ಸಾಗಬಲ್ಲದು ಎಂದೂ ಕೇಳುವುದು ಸಹಜ.

ಕಂಪನಿಗಳು ಅಂಕಿ ಕೊಡುತ್ತವೆ. ಮಹೀಂದ್ರಾ ಥಾರ್‌ಗೆ 650 ಮಿಲಿಮೀಟರ್, ಫೋರ್ಸ್ ಗೂರ್ಖಾ ಮತ್ತು ಟೊಯೋಟಾ ಹೈಲಕ್ಸ್‌ಗೆ 700, ಲ್ಯಾಂಡ್ ರೋವರ್ ಡಿಫೆಂಡರ್‌ಗೆ 900. ನಿಂತ ನೀರು, ಗಟ್ಟಿ ನೆಲ, ನಿಧಾನ ವೇಗ ಇದ್ದಾಗ ಮಾತ್ರ ಈ ಅಂಕಿಗೆ ಅರ್ಥ. ಇನ್ನೊಂದನ್ನೂ ಗಮನಿಸಬೇಕು: ಥಾರ್ ಎಂದು ಬರೆದಿದ್ದ ಮಾತ್ರಕ್ಕೆ ಅದು ಫೋರ್ ವೀಲ್ ಡ್ರೈವ್ ಆಗಬೇಕಿಲ್ಲ. 2023ರ ಜನವರಿಯಿಂದ ಹಿಂದಿನ ಚಕ್ರಗಳಿಗೆ ಮಾತ್ರ ಶಕ್ತಿ ಕೊಡುವ ಥಾರ್ ಕೂಡ ಮಾರಾಟದಲ್ಲಿದೆ.

ನಾಲ್ಕೂ ಚಕ್ರ ತಿರುಗಿದರೆ ಹಿಡಿತ ಸಿಗುತ್ತದೆ, ನಿಜ. ಆದರೆ ಹಿಡಿತಕ್ಕೆ ಚಕ್ರದ ಮೇಲೆ ಭಾರ ಬೇಕು, ನೀರು ಕಸಿದುಕೊಳ್ಳುವುದು ಆ ಭಾರವನ್ನೇ. ಸುಮಾರು 6 ಚದರ ಮೀಟರ್ ತಳವಿರುವ ಗಾಡಿಯ ಮೈ ಪ್ರತಿ 10 ಸೆಂಟಿಮೀಟರ್ ಮುಳುಗಿದಾಗಲೂ 600 ಕೆಜಿಯಷ್ಟು ನೀರನ್ನು ಪಕ್ಕಕ್ಕೆ ಸರಿಸುತ್ತದೆ, ಅಷ್ಟೇ ಭಾರವನ್ನು ಕಳೆದುಕೊಳ್ಳುತ್ತದೆ. ಬಾಗಿಲುಗಳು ನೀರು ಬಿಡದಂತೆ ಬಿಗಿಯಾಗಿದ್ದರೆ, 1.8 ಟನ್ನಿನ ಗಾಡಿ ತಳದಿಂದ 30 ಸೆಂಟಿಮೀಟರ್ ಮೇಲಕ್ಕೆ ನೀರು ಬಂದೊಡನೆ ತೇಲತೊಡಗುತ್ತದೆ. ಹರಿಯುವ ನೀರಾದರೆ ಅದಕ್ಕೂ ಮೊದಲೇ ಪಕ್ಕಕ್ಕೆ ಜಾರುತ್ತದೆ. ಆಗ ಎಡ-ಬಲ ಚಕ್ರಗಳನ್ನು ಒಟ್ಟಿಗೇ ತಿರುಗಿಸುವ ಡಿಫರೆನ್ಷಿಯಲ್ ಲಾಕ್ ಹಾಕಿಯೂ ಪ್ರಯೋಜನವಿಲ್ಲ.

ಎಂಜಿನ್ನಿನ ಶತ್ರು ಬೇರೆಯೇ. ಗಾಳಿಯನ್ನು ಹಿಂಡಬಹುದು, ನೀರನ್ನು ಹಿಂಡಲಾಗದು. ಏರ್ ಫಿಲ್ಟರ್ ಮೂಲಕ ಸಿಲಿಂಡರಿಗೆ ನೀರು ಹೊಕ್ಕರೆ ಮೇಲೇರುವ ಪಿಸ್ಟನ್ ಅದಕ್ಕೆ ಬಡಿದು ಕನೆಕ್ಟಿಂಗ್ ರಾಡ್ ಬಾಗುತ್ತದೆ, ಕೆಲವೊಮ್ಮೆ ಬ್ಲಾಕೇ ಒಡೆಯುತ್ತದೆ. ಮೆಕ್ಯಾನಿಕ್‌ಗಳು ಇದನ್ನು ಹೈಡ್ರೋಲಾಕ್ ಎನ್ನುತ್ತಾರೆ. ಆದ್ದರಿಂದ ಶೋರೂಮಿನಲ್ಲಿ ಬಾನೆಟ್ ತೆರೆಸಿ ಮೊದಲು ಹುಡುಕಬೇಕಾದದ್ದು ಗಾಳಿ ಒಳಹೋಗುವ ಕೊಳವೆಯ ಬಾಯಿ ಎಲ್ಲಿದೆ ಎಂಬುದನ್ನು. ಅದು ಹೆಡ್‌ಲೈಟಿನ ಮಟ್ಟಕ್ಕಿಂತ ಕೆಳಗಿದ್ದರೆ ಉಳಿದ ಯಾವ ಸಿಂಗಾರವೂ ಕೆಲಸಕ್ಕೆ ಬಾರದು.

ಸ್ನಾರ್ಕೆಲ್ ಇರುವುದು ಈ ಬಾಯಿಯನ್ನು ಚಾವಣಿಯ ಎತ್ತರಕ್ಕೆ ಒಯ್ಯಲು. ಅದರ ಒಂದೊಂದು ಜೋಡಣೆಯೂ ಗಾಳಿ ಸೋರದಂತಿರಬೇಕು. ಸಂದಿ ಬಿಟ್ಟ ಸ್ನಾರ್ಕೆಲ್ ನೀರನ್ನೂ ಹೀರುತ್ತದೆ. ಕಾನೂನಿನ ತೊಡಕೂ ಉಂಟು. ತಯಾರಕರ ಮೂಲ ವಿವರಗಳಿಗೆ ಹೊರತಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಾರ್ಖಾನೆಯಿಂದಲೇ ಸ್ನಾರ್ಕೆಲ್ ಹೊತ್ತು ಬರುವ ಗೂರ್ಖಾಗೆ ಇಲ್ಲಿ ಅನುಕೂಲ ಹೆಚ್ಚು. ಹಳೆಯ ಡೀಸೆಲ್ ಜೀಪು ಕೊಂಡು ತಯಾರು ಮಾಡಿಕೊಳ್ಳುವ ಆಸೆಗೆ 10 ವರ್ಷ ದಾಟಿದ ಡೀಸೆಲ್ ವಾಹನ ಓಡಿಸುವಂತಿಲ್ಲ ಎಂಬ ದಿಲ್ಲಿ ಸೀಮೆಯ ನಿಯಮ ಅಡ್ಡ ಬರಬಹುದು. 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಆ ನಿರ್ಬಂಧದ ವ್ಯಾಪ್ತಿ 2025ರಲ್ಲಿ ಬದಲಾಗಿದೆ. ಮುಂಗಡ ಕೊಡುವ ಮೊದಲು ಸದ್ಯದ ಸ್ಥಿತಿ ವಿಚಾರಿಸುವುದು ಒಳ್ಳೆಯದು.

ಉಸಿರಾಡುವುದು ಎಂಜಿನ್ ಒಂದೇ ಅಲ್ಲ ಎಂಬುದು ಹಲವರಿಗೆ ಹೊಳೆಯುವುದಿಲ್ಲ. ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಮುಂದಿನ-ಹಿಂದಿನ ಆಕ್ಸಲ್‌ಗಳಿಗೂ ಬ್ರೀದರ್ ಎಂಬ ಪುಟ್ಟ ರಂಧ್ರಗಳಿವೆ. ಓಡಿ ಓಡಿ ಕಾದ ಆಕ್ಸಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ, ಆ ಸೆಳೆತಕ್ಕೆ ನೀರು ಬ್ರೀದರ್ ಮತ್ತು ಸೀಲ್‌ಗಳ ಮೂಲಕ ಒಳನುಗ್ಗುತ್ತದೆ. ಬ್ರೀದರ್‌ಗಳಿಗೆ ರಬ್ಬರ್ ಕೊಳವೆ ಜೋಡಿಸಿ ಎಂಜಿನ್ ಕೋಣೆಯ ಮೇಲ್ಭಾಗಕ್ಕೆ ತರುವುದು ಕಡಿಮೆ ಖರ್ಚಿನ ಕೆಲಸ. ಸ್ನಾರ್ಕೆಲ್‌ಗೆ ದುಡ್ಡು ಸುರಿದು ಇದನ್ನು ಮರೆತವರ ಗಾಡಿಯಲ್ಲಿ ಎಂಜಿನ್ ಉಳಿದರೂ ಗೇರುಗಳು ತುಕ್ಕು ಹಿಡಿಯುತ್ತವೆ. ಇದರ ಜೊತೆಗೆ ವೈರಿಂಗ್ ಕನೆಕ್ಟರ್‌ಗಳಿಗೆ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿಸಬೇಕು, ಸೀಟಿನಡಿಯ ವೈರುಗಳನ್ನು ನೋಡಿಕೊಳ್ಳಬೇಕು, ಎಳೆಯುವ ಹುಕ್ಕುಗಳು ಗಟ್ಟಿಯಾಗಿವೆಯೇ ಎಂದು ಪರೀಕ್ಷಿಸಬೇಕು.

ಇಷ್ಟೆಲ್ಲ ಸಿದ್ಧತೆ ಯಾವ ನೀರಿಗೆ? ಅಂಡರ್‌ಪಾಸಿಗಂತೂ ಅಲ್ಲ. ಅಲ್ಲಿ ಇಳಿಜಾರಿನ ಕೊನೆ ಕಾಣುವುದಿಲ್ಲ. ನಡುವೆ ಎರಡು ಮೀಟರ್ ಇದ್ದರೆ 700 ಮಿಲಿಮೀಟರ್‌ನ ಗಾಡಿ ಏನು ಮಾಡೀತು? ಒಂದು ಮೀಟರ್ ಅಗಲದ ಬಾಗಿಲಿನ ಮೇಲೆ 60 ಸೆಂಟಿಮೀಟರ್ ನೀರು ಹೊರಗಿನಿಂದ ಒತ್ತುವ ಬಲ ಸುಮಾರು 180 ಕೆಜಿ ಭಾರಕ್ಕೆ ಸಮ. ಸಿಕ್ಕಿಬಿದ್ದರೆ ಬಾಗಿಲಿನ ಜೊತೆ ಗುದ್ದಾಡದೆ, ವಿದ್ಯುತ್ ಇರುವಾಗಲೇ ಗಾಜು ಇಳಿಸಿ ಹೊರಬರಬೇಕು. ಗಾಜು ಒಡೆಯುವ ಪುಟ್ಟ ಸುತ್ತಿಗೆ ಚಾಲಕನ ಕೈಗೆಟಕುವಲ್ಲೇ ಇರಬೇಕು.

ಈ ತಯಾರಿಗೆ ತಕ್ಕ ನೀರು ಸಿಗುವುದು ದಿಲ್ಲಿಯಿಂದ ಹೊರಟವರು ಮನಾಲಿ ದಾಟಿ ಸ್ಪಿತಿಯತ್ತ ಹೊರಳಿದಾಗ, ಗ್ರಾಂಫೂ–ಕಾಜಾ ರಸ್ತೆಯಲ್ಲಿ. ಹಿಮ ಕರಗಿ ಬರುವ ತೊರೆಗಳು ಅಲ್ಲಿ ರಸ್ತೆಯ ಮೇಲೇ ಹರಿಯುತ್ತವೆ. ಬಿಸಿಲೇರಿದಂತೆ ಹಿಮ ಹೆಚ್ಚು ಕರಗಿ ಮಧ್ಯಾಹ್ನದ ಹೊತ್ತಿಗೆ ತೊರೆ ಉಕ್ಕುತ್ತದೆ. ಅದಕ್ಕೇ ಬಲ್ಲವರು ಬೆಳಗ್ಗೆಯೇ ದಾಟುತ್ತಾರೆ. ಸೆಳೆತ ಕಡಿಮೆಯಿದ್ದರೆ ಕೋಲು ಹಿಡಿದು ನಡೆದು ಆಳ ನೋಡಬೇಕು. ನಡೆದು ದಾಟಲಾಗದ ನೀರಿಗೆ ಗಾಡಿಯನ್ನೂ ಇಳಿಸಬಾರದು. ಲೋ ರೇಂಜ್‌ಗೆ ಹಾಕಿ, ಬೇಗ ನಡೆಯುವವನ ವೇಗದಲ್ಲಿ, ಕ್ಲಚ್ ಒತ್ತದೆ, ನಿಲ್ಲದೆ ಸಾಗಿದರೆ ಬಂಪರಿನ ಮುಂದೆ ಅಲೆಯೊಂದು ಏಳುತ್ತದೆ, ಅದರ ಹಿಂದೆ ಎಂಜಿನ್ ಕೋಣೆಯ ನೀರು ಸ್ವಲ್ಪ ತಗ್ಗುತ್ತದೆ. ಜೋರಾಗಿ ನುಗ್ಗಿದರೆ ಅದೇ ಅಲೆ ಬಾನೆಟ್ ಏರುತ್ತದೆ.

ನಡುನೀರಿನಲ್ಲಿ ಎಂಜಿನ್ ನಿಂತುಬಿಟ್ಟರೆ ಮತ್ತೆ ಕೀ ತಿರುಗಿಸಲೇಬಾರದು. ಗಾಡಿಯನ್ನು ಹೊರಗೆಳೆಸಿ ಏರ್ ಫಿಲ್ಟರ್ ನೋಡಿಸಬೇಕು. ಸಾಮಾನ್ಯ ವಿಮೆ ಪ್ರವಾಹದ ಹಾನಿಗೆ ಪರಿಹಾರ ಕೊಟ್ಟರೂ ಹೈಡ್ರೋಲಾಕ್‌ನಿಂದ ಕೆಟ್ಟ ಎಂಜಿನ್ನಿಗೆ ಸಾಮಾನ್ಯವಾಗಿ ‘ಎಂಜಿನ್ ಪ್ರೊಟೆಕ್ಷನ್’ ಎಂಬ ಹೆಚ್ಚುವರಿ ಕವಚ ಬೇಕು. ಕ್ಷೇಮವಾಗಿ ದಡ ಸೇರಿದವರಿಗೂ ಕೆಲಸ ಉಳಿದಿರುತ್ತದೆ: ಬ್ರೇಕ್ ಮೆಲ್ಲಗೆ ಒತ್ತುತ್ತಾ ಒಣಗಿಸುವುದು, ಮುಂದಿನ ಊರಿನಲ್ಲಿ ಡಿಫರೆನ್ಷಿಯಲ್‌ನ ಪ್ಲಗ್ ಬಿಚ್ಚಿ ಆಯಿಲ್ ನೋಡುವುದು. ಅದು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ದಿಲ್ಲಿಗೆ ಮರಳುವವರೆಗೆ ಕಾಯದೆ ಅಲ್ಲೇ ಬದಲಿಸಬೇಕು.