ಪರವೂರಿನಲ್ಲಿದ್ದು ಕಾಪುವಿನಲ್ಲಿ ಮನೆ ಕೊಳ್ಳುವವರು ನೋಡಬೇಕಾದ ಕಾಗದಪತ್ರಗಳು

ದುಬೈ, ಕುವೈತ್, ಮಸ್ಕತ್‌ಗಳಲ್ಲಿ ದುಡಿಯುವ ಅನೇಕರಿಗೆ ಕಾಪು, ಉಡುಪಿ ಕಡೆ ಸ್ವಂತ ಮನೆ ಮಾಡುವ ಆಸೆ. ರಜೆಯ ಅವಸರದಲ್ಲಿ ಮುಂಗಡ ಕೊಡುವ ಮೊದಲು ದಾಖಲೆ ನೋಡಿಕೊಳ್ಳಬೇಕು.

ಮೊದಲನೆಯದು ಭೂಪರಿವರ್ತನೆ. 2020ರ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಆದರೆ ಅನಿವಾಸಿ ಭಾರತೀಯರು ಕೃಷಿಭೂಮಿ, ತೋಟ, ತೋಟದ ಮನೆ ಖರೀದಿಸುವಂತಿಲ್ಲ. ಫೆಮಾ ನಿಯಮ ಹಾಗೆಯೇ ಇದೆ. ಆದ್ದರಿಂದ ವಸತಿಗೆ ಪರಿವರ್ತನೆಯಾದ ಆದೇಶ ಕೇಳಿ. ಪುರಸಭೆಯಲ್ಲಾದರೆ ಇ-ಖಾತಾ, ಗ್ರಾಮ ಪಂಚಾಯತಿಯಲ್ಲಾದರೆ 9 ಮತ್ತು 11ನೇ ನಮೂನೆ ಬೇಕು.

ಹೆಚ್ಚು ಎಚ್ಚರ ಬೇಕಾದದ್ದು ಹಕ್ಕಿನ ಮೂಲದಲ್ಲಿ. ತುಳುನಾಡಿನ ಬಂಟರಂತೆ ಜೈನರಲ್ಲಿಯೂ ಅಳಿಯಕಟ್ಟು ನಡೆದುಬಂದಿದೆ. ಕುಟುಂಬದ ಆಸ್ತಿ ಹೆಣ್ಣಿನ ಸಂತತಿಯ ಎಲ್ಲರಿಗೂ ಸೇರಿದ್ದು; ಯಜಮಾನನಿಗೆ ಇದ್ದದ್ದು ನೋಡಿಕೊಳ್ಳುವ ಅಧಿಕಾರ. 1949ರ ಅಳಿಯಸಂತಾನ ಕಾಯ್ದೆ ಪಾಲು ಕೇಳುವ ಹಕ್ಕು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಜೈನರಿಗೂ ಅನ್ವಯಿಸುತ್ತದೆ. ಹಾಗಾಗಿ ಜಾಗ ಕುಟುಂಬದಿಂದ ಬಂದದ್ದಾದರೆ, ಆರ್‌ಟಿಸಿಯಲ್ಲಿ ಹೆಸರಿರುವ ಒಬ್ಬರ ಸಹಿ ಸಾಲದು. ವಿಭಾಗಪತ್ರ ನೋಂದಣಿಯಾಗಿದೆಯೇ, ಮುಂಬಯಿ ಸೇರಿದ ಅಕ್ಕತಂಗಿಯರು, ಅವರ ಮಕ್ಕಳು ಸಹಿ ಹಾಕಿದ್ದಾರೆಯೇ ನೋಡಿ. ಬಿಟ್ಟುಹೋದ ಒಬ್ಬ ಪಾಲುದಾರ ದಾವೆ ಹೂಡಿದರೆ ವರ್ಷಗಟ್ಟಲೆ ಕೋರ್ಟು ತಪ್ಪದು.

ಕನಿಷ್ಠ 30 ವರ್ಷಗಳ ಋಣಭಾರ ಪತ್ರ ತೆಗೆಸಿ, ಮೂಲಪತ್ರಗಳೊಂದಿಗೆ ವಕೀಲರಿಗೆ ತೋರಿಸಿ. ಬರಲಾಗದವರು ಅಲ್ಲಿನ ಭಾರತೀಯ ದೂತಾವಾಸದಲ್ಲಿ ಅಧಿಕಾರಪತ್ರ ದೃಢೀಕರಿಸಿ ಕಳುಹಿಸಬಹುದು. ಅದು ಊರಿಗೆ ತಲುಪಿದ 3 ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಹಣವನ್ನು ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆಯಿಂದಲೇ ಕೊಡಿ, ನಗದು ಬೇಡ.